ಆಕಾಶದ ವೆಚ್ಚ, ನೆಲದ ಲೆಕ್ಕ



ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ತರುವಾಯ, ನಮ್ಮ ಉಚಿತ ಪ್ರಸಾದನಿಲಯದಲ್ಲಿದ್ದು ಓದಿ ಈಗ ಒಕ್ಕಲುತನ ಮಾಡಿಕೊಂಡಿರುವ ಭಕ್ತರೊಬ್ಬರು ನಮ್ಮ ಮುಂದೆ ಕುಳಿತು ಒಂದು ಪ್ರಶ್ನೆಯನ್ನಿಟ್ಟರು. “ಅಪ್ಪಾವರೆ, ಚಂದ್ರನ ಮೇಲೆ ಯಂತ್ರ ಇಳಿಸಲು 600 ಕೋಟಿಗೂ ಮಿಕ್ಕಿ ಖರ್ಚಾಯಿತಂತೆ. ನಮ್ಮೂರ ಶಾಲೆಯ ಮಾಳಿಗೆ ಮಳೆ ಬಂದರೆ ಸೋರುತ್ತದೆ. ಇದು ಯಾವ ನ್ಯಾಯ?” ಆ ಹೊತ್ತಿಗೆ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದುದರಿಂದ ಈ ಪ್ರಶ್ನೆಯ ಇತಿಹಾಸವನ್ನು ಅವಲೋಕಿಸಿ, ಕಂಡುದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಈ ಪ್ರಶ್ನೆ ಇಂದಿನದಲ್ಲ, ನಮ್ಮ ದೇಶವೊಂದರದೂ ಅಲ್ಲ. 1969ರ ಜುಲೈ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಅಪೊಲೊ-11 ನೌಕೆ ಚಂದ್ರಯಾತ್ರೆಗೆ ಸನ್ನದ್ಧವಾಗಿ ನಿಂತಿತ್ತು. ಹಾರಾಟದ ಮುನ್ನಾದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಉತ್ತರಾಧಿಕಾರಿಯಾಗಿದ್ದ ಪಾದ್ರಿ ರಾಲ್ಫ್ ಅಬರ್ನಾಥಿಯವರು ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆಯ ಬಂಡಿಗಳೊಡನೆ ಅಲ್ಲಿಗೆ ಬಂದರು. ಹಸಿದವರಿರುವ ದೇಶಕ್ಕೆ ಚಂದ್ರನೇಕೆ ಎಂಬುದೇ ಅವರ ವಾದ. ನಾಸಾ ಸಂಸ್ಥೆಯ ಮುಖ್ಯಸ್ಥರಾದ ಥಾಮಸ್ ಪೇನ್ ಅವರು ಬಯಲಿಗೆ ಬಂದು ಅವರನ್ನು ಎದುರ್ಗೊಂಡರು. ಮರುದಿನದ ಹಾರಾಟವನ್ನು ನಿಲ್ಲಿಸಿದರೆ ಬಡತನ ನೀಗುವುದಾದಲ್ಲಿ ತಾವು ನಿಲ್ಲಿಸಲು ಸಿದ್ಧ, ಆದರೆ ಹಾಗೆ ನೀಗುವುದಿಲ್ಲ ಎಂಬುದು ಅವರ ಉತ್ತರದ ಸಾರ. ಅಬರ್ನಾಥಿಯವರು ತಮ್ಮ ವಾದವನ್ನು ಬಿಡಲಿಲ್ಲ. ಆದರೂ ಗಗನಯಾತ್ರಿಗಳ ಕ್ಷೇಮಕ್ಕಾಗಿ ಪ್ರಾರ್ಥಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತೆಂದು ನಮಗೆ ತೋರುತ್ತದೆ. ಸುಮಾರು 2,500 ಕೋಟಿ ಡಾಲರ್ ವೆಚ್ಚದ ಆ ಯೋಜನೆಯ ಕೊನೆಯ ಕೆಲವು ಯಾತ್ರೆಗಳನ್ನು ರದ್ದುಪಡಿಸಲಾಯಿತು. 1972ರಲ್ಲಿ ಅದು ಮುಕ್ತಾಯವಾಯಿತು. ಅದರಿಂದ ಆ ದೇಶದ ದಾರಿದ್ರ್ಯ ಅಳಿಯಲಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯ ಸಮೀಪದಲ್ಲಿ ಭೂಮಿಯ ಕಾಂತೀಯ ವಿಷುವದ್ರೇಖೆ ಹಾಯ್ದುಹೋಗುತ್ತದೆ. ಮೇಲಿನ ವಾಯುಮಂಡಲದ ಅಧ್ಯಯನಕ್ಕೆ ಅದಕ್ಕಿಂತ ತಕ್ಕ ಸ್ಥಳ ದೊರೆಯಲಿಲ್ಲ. ಆದರೆ ಅಲ್ಲಿ ಒಂದು ಚರ್ಚು, ಸುತ್ತಲೂ ಬಡವರ ಮನೆಗಳು. ವಿಕ್ರಮ ಸಾರಾಭಾಯಿಯವರ ವಿನಂತಿಯನ್ನು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ತಮ್ಮ ಭಕ್ತಸಮುದಾಯದ ಮುಂದಿಟ್ಟು, ಅವರ ಒಪ್ಪಿಗೆ ಪಡೆದು ಆ ಸ್ಥಳವನ್ನು ಬಿಟ್ಟುಕೊಟ್ಟರು. ಚರ್ಚು ಕಾರ್ಯಾಗಾರವಾಯಿತು, 1963ರ ನವೆಂಬರ್ 21ರಂದು ಮೊದಲ ರಾಕೆಟ್ಟು ಅಲ್ಲಿಂದ ಹಾರಿತು. ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಈ ಕಾರ್ಯಕ್ಕೆ ಮೊದಲ ಬೆಲೆ ತೆತ್ತವರು ಸರಕಾರದ ಬೊಕ್ಕಸದವರಲ್ಲ, ಮನೆಯನ್ನೂ ಪ್ರಾರ್ಥನಾಮಂದಿರವನ್ನೂ ಬಿಟ್ಟುಕೊಟ್ಟ ಬೆಸ್ತರು. ಸಿರಿವಂತ ರಾಷ್ಟ್ರಗಳೊಡನೆ ಸ್ಪರ್ಧಿಸುವ ಹಂಬಲ ನಮಗಿಲ್ಲ, ಜನರ ನಿಜವಾದ ಸಮಸ್ಯೆಗಳಿಗೆ ಈ ವಿದ್ಯೆಯನ್ನು ಅನ್ವಯಿಸುವುದರಲ್ಲಿ ಮಾತ್ರ ನಾವು ಹಿಂದುಳಿಯಬಾರದು ಎಂದು ಸಾರಾಭಾಯಿಯವರು ಹೇಳುತ್ತಿದ್ದರು. ಆ ಮಾತು ಬೆಸ್ತರ ತ್ಯಾಗಕ್ಕೆ ಕೊಟ್ಟ ವಚನವೆಂದೇ ನಾವು ಭಾವಿಸುತ್ತೇವೆ. ಆ ವಚನ ಉಳಿಯಿತೇ?

1975ರಲ್ಲಿ ಅದಕ್ಕೆ ಮೊದಲ ಪರೀಕ್ಷೆ. ಆ ವರ್ಷದ ಏಪ್ರಿಲ್ 19ರಂದು, ಉಡುಪಿ ಕಡೆಯವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ನಿರ್ಮಾಣವಾದ 360 ಕಿಲೊ ತೂಕದ ‘ಆರ್ಯಭಟ’ ಸೋವಿಯತ್ ನೆಲದಿಂದ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೆ ಉಪಗ್ರಹ ಕಟ್ಟುವ ವಿದ್ಯೆ ನಮ್ಮವರ ಕೈಗೆ ಬಂದಿತು. ಅದೇ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಮುಟ್ಟಿತು. ಅಂದಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ಅಗಲವಾದ ಆಂಟೆನಾ, ಊರ ಮಂದಿಯೆಲ್ಲ ಕೂಡುವಲ್ಲಿ ಒಂದು ಪೆಟ್ಟಿಗೆ. ಮುಂಜಾನೆ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಬೇಸಾಯ, ಆರೋಗ್ಯಗಳ ತಿಳಿವಳಿಕೆ, ಅದೂ ಕನ್ನಡದಲ್ಲಿ. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತು. ರಾಜಧಾನಿ ಬೆಂಗಳೂರಿಗೆ ಅದು ದೊರೆತದ್ದು 1981ರಲ್ಲಿ. ಹಿಂದುಳಿದ ಸೀಮೆಗೆ ಮೊದಲ ಪಾಲು ಸಂದ ಇಂಥ ಉದಾಹರಣೆಗಳು ನಮ್ಮ ರಾಜ್ಯದ ಇತಿಹಾಸದಲ್ಲಿ ವಿರಳ.

ಆದರೆ ಉಪಗ್ರಹವೊಂದರಿಂದಲೇ ಎಲ್ಲವೂ ಸಾಧ್ಯವೆಂದು ಹೇಳಿದರೆ ಅದು ಅರ್ಧಸತ್ಯ. 1999ರ ಅಕ್ಟೋಬರ್ 29ರಂದು ಒಡಿಶಾ ತೀರಕ್ಕೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಮಡಿದರು. ಆಗಲೂ ನಮ್ಮ ಉಪಗ್ರಹಗಳು ಆಕಾಶದಲ್ಲಿದ್ದವು, ಬಿರುಗಾಳಿ ಬರುವುದು ತಿಳಿದಿತ್ತು. ಆದರೆ ಜನರನ್ನು ಸಾಕಷ್ಟು ಮೊದಲೇ ಸಾಗಿಸುವ ವ್ಯವಸ್ಥೆಯಾಗಲಿ, ಅವರಿಗೆ ಸಾಲುವಷ್ಟು ಗಟ್ಟಿ ಆಶ್ರಯಮನೆಗಳಾಗಲಿ ನೆಲದ ಮೇಲೆ ಇರಲಿಲ್ಲ. 2013ರ ಅಕ್ಟೋಬರ್ 12ರಂದು ‘ಫೈಲಿನ್’ ಚಂಡಮಾರುತ ಅದೇ ತೀರಕ್ಕೆ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲಾಗಿತ್ತು. ಸಾವುಗಳು ಕೆಲವು ಹತ್ತುಗಳಿಗೆ ಸೀಮಿತವಾದವು. ಆಕಾಶದ ಕಣ್ಣು, ನೆಲದ ಕೈ ಎರಡೂ ಕೂಡಿದಾಗ ಜೀವ ಉಳಿಯಿತು. ಕಣ್ಣಿದ್ದು ಕೈಯಿಲ್ಲದಿದ್ದರೆ ಪ್ರಯೋಜನವಿಲ್ಲವೆಂಬುದನ್ನು 1999 ನಮಗೆ ಕಲಿಸಿತು.

ಇನ್ನು ಹಣದ ಮಾತು. 2023-24ರ ಕೇಂದ್ರ ಮುಂಗಡಪತ್ರದ ಗಾತ್ರ ಸುಮಾರು 45 ಲಕ್ಷ ಕೋಟಿ ರೂಪಾಯಿ. ಬಾಹ್ಯಾಕಾಶ ಇಲಾಖೆಗೆ ಮೀಸಲಾದದ್ದು ಸುಮಾರು 12,500 ಕೋಟಿ. ಅಂದರೆ ನೂರು ರೂಪಾಯಿಗಳಲ್ಲಿ 28 ಪೈಸೆ. ಶಾಲೆಯ ಮಾಳಿಗೆ ಸೋರುವುದಕ್ಕೆ ಈ 28 ಪೈಸೆಯನ್ನು ಕಾರಣವೆಂದು ತಿಳಿದರೆ, ಉಳಿದ 99 ರೂಪಾಯಿ 72 ಪೈಸೆಯ ಲೆಕ್ಕ ಕೇಳುವುದನ್ನು ನಾವು ಮರೆತಂತಾಗುತ್ತದೆ.

“ಹವಾಮಾನಕ್ಕೆ ಉಪಗ್ರಹ ಬೇಕು, ಒಪ್ಪಿದೆವು; ಮಂಗಳಗ್ರಹವೇಕೆ?” ಎಂದು ತಾವು ಕೇಳಬಹುದು. ಫೈಲಿನ್ ಬಂದುಹೋದ ಒಂದು ತಿಂಗಳೊಳಗೆ, 2013ರ ನವೆಂಬರ್ 5ರಂದು, ಸುಮಾರು 450 ಕೋಟಿ ವೆಚ್ಚದ ಮಂಗಳಯಾನ ಹೊರಟಿತು. ಅದರಿಂದ ಯಾರ ಹೊಟ್ಟೆಯೂ ನೇರವಾಗಿ ತುಂಬಲಿಲ್ಲ. ಆದರೆ ವಿದ್ಯೆಯ ಫಲವನ್ನು ಬಿತ್ತಿದ ದಿನವೇ ಕೇಳಲಾಗದು. ಬರಗಾಲದಲ್ಲಿಯೂ ಹುಡುಗರ ಅಕ್ಷರಾಭ್ಯಾಸಕ್ಕೆ ಹಣ ತೆಗೆದಿಟ್ಟ ಹಿರಿಯರಿಂದಲೇ ತಾವೂ ನಾವೂ ಓದು ಕಲಿತವರು. ಆದರೂ ಮಿತಿಯೆಂಬುದೊಂದು ಇರಲೇಬೇಕು. ಮನುಷ್ಯರನ್ನು ಆಕಾಶಕ್ಕೆ ಕಳಿಸುವ ಗಗನಯಾನ ಕಾರ್ಯಕ್ರಮದ ಒಟ್ಟು ಮಂಜೂರಾತಿಯನ್ನು 2024ರ ಸೆಪ್ಟೆಂಬರಿನಲ್ಲಿ 20,193 ಕೋಟಿಗೆ ಏರಿಸಲಾಯಿತು. ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯನೇ ಏಕೆ ಹೋಗಬೇಕೆಂಬ ಪ್ರಶ್ನೆಗೆ, ಬರಿಯ ಕೀರ್ತಿಯ ಹೊರತಾದ ಉತ್ತರವನ್ನು ಕೇಳುವ ಹಕ್ಕು ಪ್ರಜೆಗಳಿಗಿದೆ. ಕೀರ್ತಿಗಾಗಿ ಮಾಡಿದ ಖರ್ಚು ಆಕಾಶದಲ್ಲಾದರೂ ಅಷ್ಟೆ, ಜಾತ್ರೆಯಲ್ಲಾದರೂ ಅಷ್ಟೆ. ಈ ಮಾತನ್ನು ನಾವು ಮೊದಲು ನಮಗೇ ಹೇಳಿಕೊಳ್ಳುತ್ತೇವೆ.

ಪ್ರಶ್ನೆ ಕೇಳಿದ ಆ ಭಕ್ತರಿಗೆ ಈಗ ನಮ್ಮ ಉತ್ತರವಿಷ್ಟು: ತಮ್ಮ ಪ್ರಶ್ನೆ ನ್ಯಾಯವಾದದ್ದು, ಅದನ್ನು ಬಿಡಬೇಡಿರಿ. ಚಂದ್ರನತ್ತ ಬೆರಳು ತೋರಿದರೆ ಮಾಳಿಗೆ ದುರಸ್ತಿಯಾಗದು. ಗ್ರಾಮಸಭೆಯಲ್ಲಿ ಎದ್ದು ನಿಂತು, ಶಾಲೆಗೆಂದು ಬಂದ ಹಣವೆಷ್ಟು, ಅದು ಎಲ್ಲಿ ಹೋಯಿತು ಎಂದು ಕೇಳಿರಿ. ತುಂಬಾದ ಬೆಸ್ತರಿಗೆ ಕೊಟ್ಟ ವಚನ ದಿಲ್ಲಿಯವರನ್ನು ಕಟ್ಟಿಹಾಕಿರುವಂತೆ ಹಳ್ಳಿಯ ಪಂಚಾಯತಿಯನ್ನೂ ಕಟ್ಟಿಹಾಕಿದೆ. ಆ ಮಾಳಿಗೆಯ ಕೆಳಗೆ ಕುಳಿತ ಮಗುವಿಗೆ ಚಂದ್ರನೂ ಬೇಕು, ಒಣನೆಲವೂ ಬೇಕು.