ಸಾದಿಲ್ವಾರು ಖರ್ಚು

ಸಾದಿಲ್ವಾರು ಎಂಬ ಮಾತು ಇಂದಿನ ತರುಣರ ಕಿವಿಗೆ ಹೊಸದಾಗಿ ಕೇಳಬಹುದು. ಹಿಂದೆ ಕಚೇರಿಗಳಲ್ಲಿಯೂ ಮಂಡಿಗಳಲ್ಲಿಯೂ ಬೇರೆ ಯಾವ ಖಾತೆಗೂ ಸೇರದ ಚಿಲ್ಲರೆ ಖರ್ಚಿಗೆಲ್ಲ ಅದೇ ಹೆಸರು. ದೀಪದೆಣ್ಣೆ, ಸುತಲಿ, ಅಂಚೆಚೀಟಿ, ಬಂದವರಿಗೆ ಕಾಫಿ ಎಲ್ಲವೂ ಅದರ ಹೊಟ್ಟೆಗೆ. ಆ ಹೊಟ್ಟೆಗೆ ಇನ್ನೂ ಏನೇನು ಇಳಿಯುತ್ತಿತ್ತು, ಇಳಿಸಬೇಡಿ ಎಂದು ತಡೆಯಬೇಕಾದವನು ಯಾರು ಎಂಬುದಕ್ಕೂ ಒಂದು ಚರಿತ್ರೆಯಿದೆ. ಯಾವ ದೊರೆ ಎಷ್ಟು ತೆರಿಗೆ ಹಾಕಿದನೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ತೆರಿಗೆಯ ಕಾಗದವನ್ನು ಬರೆದುಕೊಟ್ಟವನ ಕಷ್ಟವನ್ನು ಯಾರೂ ನಮಗೆ ಹೇಳಿಕೊಡಲಿಲ್ಲ.

ಕಡೂರು ತಾಲ್ಲೂಕಿನ ನಮ್ಮ ಹಿರೇನಲ್ಲೂರು ಹೋಬಳಿಯ ಊರು. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯ ಅಲ್ಲಿದೆ. ಆ ಕಾಲದ ಶಾಸನಗಳನ್ನು ಬಲ್ಲವರಿಗೆ ಸೇನಬೋವನೆಂಬ ಲೆಕ್ಕಿಗ ಅಪರಿಚಿತನಲ್ಲ. ಸೇನಬೋವನೇ ಮುಂದೆ ಶಾನುಭೋಗನಾದ. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆ 1963ರ ಫೆಬ್ರವರಿಯಲ್ಲಿ ಕಾಯಿದೆಯ ಮೂಲಕ ರದ್ದಾಯಿತು. ಶಾನುಭೋಗ ಬರೆದದ್ದು ಸರ್ಕಾರದ ಲೆಕ್ಕ. ಮಂಡಿಯ ಗುಮಾಸ್ತ ಬರೆದದ್ದು ಯಜಮಾನನ ಲೆಕ್ಕ. ತಾವು ಯಾರ ಅನ್ನ ಉಣ್ಣುತ್ತಿದ್ದೇವೆಂಬ ವಿಷಯದಲ್ಲಿ ಇಬ್ಬರಿಗೂ ಸಂದೇಹವಿರಲಿಲ್ಲ. ವರಮಾನ ತೆರಿಗೆಯ ಜೊತೆಗೆ ಹುಟ್ಟಿದ ಮೂರನೆಯವನ ಪಾಡು ಬೇರೆ. ಅವನಿಗೆ ಫೀಜು ಕೊಡುವವನು ವ್ಯಾಪಾರಿ. ಅವನು ಬರೆದುದನ್ನು ನಂಬಬೇಕಾದವನು ಅಧಿಕಾರಿ.

ಇಂಡಿಯಾಕ್ಕೆ ಈ ತೆರಿಗೆಯನ್ನು ತಂದವನು ಜೇಮ್ಸ್ ವಿಲ್ಸನ್, 1860ರಲ್ಲಿ. ದಂಗೆಯ ಸಾಲ ತೀರಿಸಲೆಂದು ತಂದ ಆತ ಅದೇ ವರ್ಷ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ತೆರಿಗೆ ಮಾತ್ರ ಹೋಗಿ ಬಂದು, ಬಂದು ಹೋಗಿ, ಕೊನೆಗೆ ನಿಂತೇಬಿಟ್ಟಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ 1923ರ ಕಾಯಿದೆಯಿತ್ತು. 1950ರ ಏಪ್ರಿಲ್ 1ರಿಂದ ಕೇಂದ್ರದ 1922ರ ಕಾಯಿದೆ ನಮ್ಮ ಕಡೆಗೂ ಬಂದಿತು. ಬೀರೂರಿನ ಅಡಿಕೆ, ಕೊಬ್ಬರಿಯ ವ್ಯಾಪಾರಿಗಳು ರೋಜುಕಿರ್ದಿಯನ್ನು ದೆಹಲಿಯ ಕಾನೂನಿನ ಕನ್ನಡಕದಲ್ಲಿ ನೋಡಿಕೊಳ್ಳಬೇಕಾದದ್ದು ಆಗ.

ಆ ಕಾನೂನಿನ ಎರಡು ಮಾತುಗಳಲ್ಲಿಯೇ ನಮ್ಮ ಕಥೆಯ ತಿರುಳಿದೆ. ಮೊದಲು ಅದರಲ್ಲಿ, ಲಾಭ ಗಳಿಸುವುದಕ್ಕಾಗಿಯೇ ಮಾಡಿದ ಖರ್ಚನ್ನು ಕಳೆಯಬಹುದು ಎಂದಿತ್ತು. 1939ರ ತಿದ್ದುಪಡಿ ಅದನ್ನು, ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕೇ ಮಾಡಿದ ಖರ್ಚು ಎಂದು ಬದಲಾಯಿಸಿತು. 1961ರ ಕಾಯಿದೆಯ 37ನೆಯ ಕಲಮಿಗೂ ಇದೇ ಮಾತು ಹೋಯಿತು. ಲಾಭ ಬಂದಿತೇ ಎಂದು ಕೇಳುವುದು ಸುಲಭ. ಉದ್ದೇಶವೇನು ಎಂದು ಕೇಳುವುದು ಮನುಷ್ಯನ ಒಳಗನ್ನು ಕೇಳಿದಂತೆ. ಹಾಗೆ ಕೇಳುವ ಕೆಲಸ ಅಧಿಕಾರಿಗಿಂತ ಮೊದಲು ತಖ್ತೆ ಬರೆಯುವವನ ಪಾಲಿಗೆ ಬಂದಿತು.

ನಮ್ಮ ದೊಡ್ಡಪ್ಪ ಈ ಮೂರನೆಯ ಜಾತಿಯವರು. ಶಾನುಭೋಗಿಕೆಯ ಮನೆತನ, ಬೀರೂರಿನ ಒಂದು ಮಂಡಿಯಲ್ಲಿ ಗುಮಾಸ್ತಿಕೆ, ಸಂಜೆ ಹೊತ್ತು ನಾಲ್ಕಾರು ವ್ಯಾಪಾರಿಗಳ ತಖ್ತೆಗೆ ಲೆಕ್ಕ ತಯಾರಿಸಿಕೊಡುತ್ತಿದ್ದರು. ತಮ್ಮ ಯಜಮಾನರ ಪರವಾಗಿ ಅಧಿಕಾರಿಯ ಮುಂದೆ ತಾವೇ ನಿಲ್ಲುವರು. ಕಾಯಂ ನೌಕರನಿಗೆ ಆ ಹಕ್ಕನ್ನು ಕಾಯಿದೆಯೇ ಕೊಟ್ಟಿತ್ತು. ಉಳಿದವರ ಕಾಗದವನ್ನು ವಕೀಲರೋ ಚಾರ್ಟರ್ಡ್ ಅಕೌಂಟೆಂಟರೋ ಹಿಡಿದು ಹೋಗುತ್ತಿದ್ದರು.

ಸಂದೇಹದ ಖರ್ಚುಗಳಲ್ಲಿ ನಮ್ಮ ಸೀಮೆಗೇ ವಿಶೇಷವಾದದ್ದೊಂದಿತ್ತು. ವ್ಯಾಪಾರಿಗೆ ಸ್ವಂತ ತೋಟವೂ ಇರುತ್ತಿತ್ತು. ತೋಟದ ತೆಂಗಿನ ವರಮಾನ ಬೇಸಾಯದ್ದು, ಕೇಂದ್ರದ ತೆರಿಗೆಗೆ ಹೊರಗು. ಇನ್ನೊಬ್ಬರಿಂದ ಕೊಂಡು ಮಾರಿದ ಕಾಯಿಯ ಲಾಭ ತೆರಿಗೆಗೆ ಒಳಗು. ಹೀಗಿರುವಾಗ ತೋಟದಲ್ಲಿ ಪಾತಿ ಮಾಡಿದ ಆಳಿನ ಕೂಲಿ ಮಂಡಿಯ ಹಮಾಲಿ ಖಾತೆಗೆ ಬಂದು ಕುಳಿತರೆ, ತೋಟದ ಲಾಭವೂ ಉಳಿಯಿತು, ಮಂಡಿಯ ತೆರಿಗೆಯೂ ಇಳಿಯಿತು! ಕೂಲಿ ಕೊಟ್ಟದ್ದು ಸುಳ್ಳಲ್ಲ, ಹೆಬ್ಬೆಟ್ಟೂ ಸುಳ್ಳಲ್ಲ. ದೊಡ್ಡಪ್ಪ ಅದನ್ನು ಹಿಡಿಯುತ್ತಿದ್ದುದು ಮೂಟೆಯ ಲೆಕ್ಕದಿಂದ. ಆ ವಾರ ಮಂಡಿಗೆ ಬಂದ ಮೂಟೆ ಎಷ್ಟು, ಹಮಾಲಿಯ ದರವೇನು ಎಂದು ಗುಣಿಸಿ, ಮಿಕ್ಕದ್ದನ್ನು ಯಜಮಾನನ ಸ್ವಂತ ಖರ್ಚಿನ ಖಾತೆಗೆ ತಳ್ಳುವರು. ತೆರಿಗೆಯಿಲ್ಲದ ವರಮಾನದ ಖರ್ಚನ್ನು ತೆರಿಗೆಯಿರುವ ವರಮಾನದಲ್ಲಿ ಕಳೆಯಕೂಡದೆಂದು ಪಾರ್ಲಿಮೆಂಟು ಪ್ರತ್ಯೇಕ ಕಲಮು ಬರೆದದ್ದು 2001ರಲ್ಲಿ.

ಎಲ್ಲದರಲ್ಲಿಯೂ ಅವರು ಹೀಗೆ ಬಿಗಿಯೆಂದಲ್ಲ. ಮನೆಗೂ ಮಂಡಿಗೂ ಓಡುವ ಕಾರಿನ ಪೆಟ್ರೋಲಿನಲ್ಲಿ ಇಷ್ಟು ಪಾಲು ಸ್ವಂತದ್ದೆಂದು ತಾವೇ ಬಿಡುವರು; ಬಿಟ್ಟದ್ದನ್ನು ಕಂಡರೆ ಅಧಿಕಾರಿ ಉಳಿದದ್ದನ್ನು ಕೆದಕುವುದಿಲ್ಲವೆಂಬ ಲೆಕ್ಕಾಚಾರ. ಅಧಿಕಾರಿಗೆ ಕತ್ತರಿಸಲು ಏನಾದರೂ ಬೇಕಲ್ಲ ಎಂದು ಸಾದಿಲ್ವಾರಿನಲ್ಲಿ ಸ್ವಲ್ಪ ಕೊಬ್ಬು ಬಿಟ್ಟು ಕಳಿಸುವವರೂ ಆ ಕಸುಬಿನಲ್ಲಿದ್ದರು. ಈ ಜಾಣತನ ನನಗೆ ಮೆಚ್ಚಿಗೆಯಾಗದು. ದೀಪಾವಳಿಯ ಅಂಗಡಿ ಪೂಜೆಯ ಖರ್ಚಿಗೆ ಮಾತ್ರ ದೊಡ್ಡಪ್ಪ ಯಾರ ಮಾತೂ ಕೇಳುತ್ತಿರಲಿಲ್ಲ. ಲಕ್ಷ್ಮಿಯನ್ನು ಕರೆಯದೆ ವ್ಯಾಪಾರ ಎಲ್ಲಿಯದು? 1968ರ ಅಕ್ಟೋಬರಿನಲ್ಲಿ ನೇರ ತೆರಿಗೆಗಳ ಕೇಂದ್ರ ಮಂಡಲಿಯೇ, ದೀಪಾವಳಿ ಮತ್ತು ಮುಹೂರ್ತದ ಖರ್ಚು ವ್ಯಾಪಾರದ ಖರ್ಚೇ ಎಂದು ಸುತ್ತೋಲೆ ಕಳಿಸಿತು.

ಕಷ್ಟ ಬಂದದ್ದು ಮಾಮೂಲಿನಲ್ಲಿ. ಒಂದು ವರ್ಷ ಒಬ್ಬ ಸಾಹುಕಾರರ ಸಾದಿಲ್ವಾರು ಹಿಂದಿನ ವರ್ಷಕ್ಕಿಂತ ಮೂರು ಪಟ್ಟು ಬೆಳೆದಿತ್ತು. ಜಗಲಿಯ ಮೇಲೆ ನಡೆದ ಮಾತು ನನಗೆ ನೆನಪಿದೆ.

"ಶಾನುಭೋಗ್ರೇ, ನಾನು ಕೊಟ್ಟಿದ್ದು ಸುಳ್ಳೇ? ಕೊಡದಿದ್ದರೆ ಲಾರಿ ಗೇಟು ದಾಟುತ್ತಿರಲಿಲ್ಲ."

"ಸುಳ್ಳು ಅಂತ ನಾನೆಲ್ಲಿ ಅಂದೆ ಸಾಹುಕಾರ್ರೇ? ಯಾವತ್ತು, ಯಾರಿಗೆ, ಎಷ್ಟು ಅಂತ ಒಂದು ಚೀಟಿ ಬರೆದು ರುಜು ಹಾಕಿ. ಸೇರಿಸುತ್ತೇನೆ."

"ಅದು ಹ್ಯಾಗೆ ಬರೆಯೋದು?"

"ನೀವು ಬರೆಯಲಾರದ್ದನ್ನು ನಾನು ಹ್ಯಾಗೆ ಬರೆಯಲಿ?"

ಸಾಹುಕಾರರು ಕಾಫಿ ಕುಡಿದು ಎದ್ದರು. ಮುಂದಿನ ವರ್ಷ ಅವರ ಪುಸ್ತಕಗಳು ನಮ್ಮ ಮನೆಗೆ ಬರಲಿಲ್ಲ. ಆ ಫೀಜಿನಲ್ಲಿ ನಮ್ಮ ದೊಡ್ಡಮ್ಮ ಯುಗಾದಿಗೆ ಬಟ್ಟೆ ತೆಗೆಯುತ್ತಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು.

ಸಾಹುಕಾರರ ಪ್ರಶ್ನೆ ಹುರುಳಿಲ್ಲದ್ದೇನೂ ಅಲ್ಲ. ಹಣ ಹೋದದ್ದು ನಿಜ, ವ್ಯಾಪಾರಕ್ಕಾಗಿಯೇ ಹೋದದ್ದೂ ನಿಜ; ಕಳೆಯಬಾರದೇಕೆ? ದೊಡ್ಡ ನ್ಯಾಯಾಲಯಗಳೂ ಇದರ ಮುಂದೆ ತಿಣುಕಾಡಿವೆ. ಖರ್ಜೂರ ಆಮದು ಮಾಡುತ್ತಿದ್ದ ಹಾಜಿ ಅಜೀಜ್ ಮತ್ತು ಅಬ್ದುಲ್ ಷಕೂರ್ ಸಹೋದರರ ಸಂಸ್ಥೆ, ನಿಷೇಧವಿದ್ದಾಗ ಹಡಗಿನಲ್ಲಿ ಸರಕು ತರಿಸಿ ಸುಂಕದವರಿಗೆ ದಂಡ ತೆತ್ತಿತು. ದಂಡವನ್ನು ಖರ್ಚಿನಲ್ಲಿ ಕಳೆಯಿರೆಂದು ಕೇಳಿತು. ಕಾನೂನು ಮುರಿದದ್ದಕ್ಕೆ ತೆತ್ತ ದಂಡ ವ್ಯಾಪಾರದ ನಷ್ಟವಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. 1961ರ ಕಾನೂನು ವರದಿಗಳಲ್ಲಿ ಅದು ಅಚ್ಚಾಗಿದೆ. ಇನ್ನು ಪಿಯಾರಾ ಸಿಂಗನ ಮೊಕದ್ದಮೆ. 1958ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಗಡಿ ದಾಟುವಾಗ ಅವನಲ್ಲಿ 65,500 ರೂಪಾಯಿ ಸಿಕ್ಕಿ ಜಪ್ತಿಯಾಯಿತು. ಕಳ್ಳಸಾಗಣೆಯ ಚಿನ್ನ ಕೊಳ್ಳಲು ಒಯ್ಯುತ್ತಿದ್ದ ಹಣ. ಕಳ್ಳಸಾಗಣೆಯೇ ಇವನ ವ್ಯಾಪಾರವೆಂದು ಇಲಾಖೆ ತೆರಿಗೆ ಹಾಕಿತು. ಹಾಗಾದರೆ ಸಿಕ್ಕಿಬೀಳುವುದೂ ಆ ವ್ಯಾಪಾರದ ಸಹಜ ನಷ್ಟವೇ ಎಂದು 1980ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಳೆಯಲು ಒಪ್ಪಿತು. ಮರ್ಯಾದೆಯ ವ್ಯಾಪಾರಿಯ ಒಂದು ತಪ್ಪಿಗೆ ಇಲ್ಲದ ರಿಯಾಯಿತಿ, ತಪ್ಪೇ ಕಸುಬಾದವನಿಗೆ! ತರ್ಕ ಸರಿಯೇ, ಆದರೂ ಮನಸ್ಸು ಒಪ್ಪದು.

ಇವೆರಡರ ನಡುವೆ ನಿಲ್ಲುವುದು ಆಂಧ್ರದ ಅಕ್ಕಿ ಗಿರಣಿಯವರ ಮೊಕದ್ದಮೆ. ಅಕ್ಕಿಯನ್ನು ಹೊರರಾಜ್ಯಕ್ಕೆ ಸಾಗಿಸುವ ಪರವಾನೆ ಬೇಕಾದರೆ ಜಿಲ್ಲಾ ಕ್ಷೇಮನಿಧಿಗೆ ಇಷ್ಟೆಂದು ಕೊಡಬೇಕಾಗಿತ್ತು. ಇದು ದಾನವೋ ಖರ್ಚೋ? ವ್ಯಾಪಾರಕ್ಕೆ ನೇರ ಸಂಬಂಧವಿರುವುದರಿಂದ ಖರ್ಚೇ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. 1997ರ ವರದಿಗಳಲ್ಲಿ ಅದನ್ನು ಓದಬಹುದು. ನಮ್ಮ ಸಾಹುಕಾರರ ಮಾಮೂಲಿಗೂ ಇದಕ್ಕೂ ಅಂತರವೆಷ್ಟು ಎಂದು ಓದುಗರು ಕೇಳಬಹುದು. ಇಲ್ಲಿ ಹಣ ಸಾರ್ವಜನಿಕ ನಿಧಿಗೆ ಹೋಯಿತು, ಪಡೆದವರ ಹೆಸರನ್ನು ಬರೆಯಬಹುದಾಗಿತ್ತು.

ಮರುವರ್ಷವೇ, 1998ರಲ್ಲಿ, ಪಾರ್ಲಿಮೆಂಟು 37ನೆಯ ಕಲಮಿಗೆ ವಿವರಣೆಯೊಂದನ್ನು ಸೇರಿಸಿತು. ಅಪರಾಧವಾಗುವ ಅಥವಾ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ಖರ್ಚು ವ್ಯಾಪಾರದ ಖರ್ಚೆನಿಸದು. ಮಸೂದೆಯ ಜೊತೆಗಿನ ಟಿಪ್ಪಣಿ ಲಂಚವನ್ನೂ ಹಫ್ತಾವನ್ನೂ ಹೆಸರಿಟ್ಟೇ ಹೇಳಿತು. ಸ್ವಾರಸ್ಯವೆಂದರೆ ಈ ವಿವರಣೆ 1962ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದ್ದಂತೆ ಎಣಿಸಬೇಕೆಂದು ಬರೆದದ್ದು. ಅಂದರೆ ಜಗಲಿಯ ಮೇಲಿನ ಆ ವಾದವನ್ನು ದೊಡ್ಡಪ್ಪ ಹಿಂದಿನ ತಾರೀಖಿನಿಂದ ಗೆದ್ದರು. ಔಷಧದ ಕಂಪೆನಿಯೊಂದು ವೈದ್ಯರಿಗೆ ಹಂಚಿದ ಉಡುಗೊರೆಯನ್ನು ಪ್ರಚಾರದ ಖರ್ಚೆಂದು ತೋರಿಸಿದಾಗ, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದೇ ವಿವರಣೆಯಿಂದ ಅದನ್ನು ತಳ್ಳಿಹಾಕಿತು.

ನಗದಿನ ಕಟ್ಟು ಬೇರೆ. ಒಂದು ಖರ್ಚಿಗೆ 2,500 ರೂಪಾಯಿಗೆ ಮೇಲ್ಪಟ್ಟು ನಗದು ಕೊಟ್ಟರೆ ಕಳೆಯಲಾಗದೆಂಬ ನಿಯಮ 1968ರಲ್ಲಿ ಬಂದಿತು. 2017ರಿಂದ ಆ ಮಿತಿ ಒಬ್ಬನಿಗೆ ದಿನಕ್ಕೆ 10,000. ಬೆಳೆದವನಿಂದಲೇ ಫಸಲು ಕೊಂಡರೆ ಈ ಕಟ್ಟಿಲ್ಲವಾದ್ದರಿಂದ, ಪುಸ್ತಕದಲ್ಲಿ ದಲ್ಲಾಳಿಗಳೂ ರೈತರಾಗುವುದುಂಟು.

ಬರೆದುಕೊಡುವವನ ಹೊಣೆಯೂ ಬೆಳೆದಿದೆ. 1984ರ ಹಣಕಾಸು ಕಾಯಿದೆ ದೊಡ್ಡ ವಹಿವಾಟಿನವರಿಗೆ ಲೆಕ್ಕಪರಿಶೋಧನೆ ಕಡ್ಡಾಯ ಮಾಡಿತು. ತಪ್ಪು ವಿವರ ಕೊಟ್ಟ ಲೆಕ್ಕಪರಿಶೋಧಕನಿಗೇ ವರದಿಗೆ 10,000 ರೂಪಾಯಿ ದಂಡವೆಂಬ ಕಲಮು 2017ರಲ್ಲಿ ಬಂದಿತು. 1961ರ ಕಾಯಿದೆ 2026ರ ಏಪ್ರಿಲ್ 1ರಂದು 2025ರ ಹೊಸ ಕಾಯಿದೆಗೆ ಜಾಗ ಬಿಟ್ಟಿತು. ಆ ಹಳೆಯ ಕಾಯಿದೆಯ 3ಸಿಡಿ ನಮೂನೆಯ 21ನೆಯ ಅಂಕಣದಲ್ಲಿ ಸ್ವಂತ ಖರ್ಚೆಷ್ಟು, ದಂಡವೆಷ್ಟು, ಕಾನೂನು ನಿಷೇಧಿಸಿದ ಖರ್ಚೆಷ್ಟು ಎಂದು ಒಂದೊಂದಾಗಿ ಕೇಳಿತ್ತು. ಏನೂ ಇಲ್ಲವೆಂದಾದರೆ, ಇಲ್ಲವೆಂದು ಬರೆದು ಪರಿಶೋಧಕ ಕೆಳಗೆ ರುಜು ಹಾಕಬೇಕಾಗಿತ್ತು.