ಅಬೂ ಉಮೈರ್‌ರ ಹಕ್ಕಿ

ಮದೀನಾದ ಅನ್ಸಾರ್ ಕುಟುಂಬವೊಂದರಲ್ಲಿ ಒಂದು ಹಕ್ಕಿ ಸತ್ತಿತು. ಅದರೊಂದಿಗೆ ಆಡುತ್ತಿದ್ದವನು ತಾಯಿಯ ಹಾಲು ಬಿಟ್ಟ ಪ್ರಾಯದ ಪುಟ್ಟ ಬಾಲಕ. ಬದ್ರ್, ಉಹುದ್‌ಗಳಂತಹ ಮಹಾ ಘಟನೆಗಳನ್ನು ನಮಗೆ ತಲುಪಿಸಿದ ಹದೀಸ್ ಗ್ರಂಥಗಳೇ ಈ ಪುಟ್ಟ ಸಾವನ್ನೂ ಜೋಪಾನವಾಗಿ ಉಳಿಸಿಕೊಂಡಿವೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಆ ಹಕ್ಕಿಯ ಪ್ರಸ್ತಾಪವಿದೆ. ಅದು ಸತ್ತುಹೋದ ವಿವರ ಅಬೂದಾವೂದ್ ಮತ್ತು ಇಮಾಮ್ ಅಹ್ಮದ್‌ರ ವರದಿಗಳಲ್ಲಿ ದೊರೆಯುತ್ತದೆ.

ಅದು ಅಬೂ ತಲ್ಹಾ(ರ) ಮತ್ತು ಉಮ್ಮು ಸುಲೈಮ್(ರ) ದಂಪತಿಯ ಮನೆ. ಅಬೂ ತಲ್ಹಾ ವಿವಾಹ ಪ್ರಸ್ತಾಪ ತಂದಾಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಅವರ ಇಸ್ಲಾಮ್ ಸ್ವೀಕಾರವನ್ನೇ ತನ್ನ ಮಹ್ರ್ ಆಗಿ ಕೇಳಿದ ಮಹಿಳೆ ಉಮ್ಮು ಸುಲೈಮ್. ಅವರ ಮೊದಲ ವಿವಾಹದಲ್ಲಿ ಹುಟ್ಟಿದ ಮಗನೇ ಅನಸ್ ಬಿನ್ ಮಾಲಿಕ್(ರ). ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅನಸ್‌ರಿಗೆ ಸುಮಾರು 10 ವರ್ಷ. ತಾಯಿಯು ಅವರನ್ನು ಪ್ರವಾದಿವರ್ಯರ(ಸ) ಸೇವೆಗೆ ಒಪ್ಪಿಸಿದರು. ಹೀಗಾಗಿ ಆ ಮನೆಗೂ ಪ್ರವಾದಿವರ್ಯರಿಗೂ(ಸ) ಆತ್ಮೀಯ ಒಡನಾಟವಿತ್ತು. ಅವರು ಆಗಾಗ ಅಲ್ಲಿಗೆ ಬರುತ್ತಿದ್ದರು. ನಮಾಝಿನ ಸಮಯವಾದರೆ ಚಾಪೆಯನ್ನು ಗುಡಿಸಿ, ನೀರು ಚಿಮುಕಿಸಿ, ಮನೆಯವರನ್ನು ಹಿಂದೆ ನಿಲ್ಲಿಸಿಕೊಂಡು ಅಲ್ಲಿಯೇ ನಮಾಝ್ ನಿರ್ವಹಿಸುತ್ತಿದ್ದರು.

ಅನಸ್‌ರ ತಮ್ಮನೇ ನಮ್ಮ ಕಥೆಯ ಬಾಲಕ. ಅವನನ್ನು ಅಬೂ ಉಮೈರ್, ಅಂದರೆ ಉಮೈರನ ತಂದೆ ಎಂದು ಕರೆಯುತ್ತಿದ್ದರು. ದೊಡ್ಡವರಿಗೆ ಸಲ್ಲುವ ಗೌರವದ ಹೆಸರು ಮಗುವಿಗೂ ಸಂದಿತ್ತು. ಅವನ ಬಳಿ ಇದ್ದುದು ನುಗರ್ ಎಂಬ ಹಕ್ಕಿ. ಗುಬ್ಬಿಯನ್ನು ಹೋಲುವ, ಕೆಂಪು ಕೊಕ್ಕಿನ ಚಿಕ್ಕ ಹಕ್ಕಿಯೆಂದು ವ್ಯಾಖ್ಯಾನಕಾರರು ಅದನ್ನು ವಿವರಿಸುತ್ತಾರೆ. ಒಂದು ದಿನ ಪ್ರವಾದಿವರ್ಯರು(ಸ) ಮನೆಯೊಳಗೆ ಬಂದಾಗ ಬಾಲಕನ ಮುಖ ಬಾಡಿತ್ತು. ಇವನಿಗೇನಾಯಿತೆಂದು ಮನೆಯವರನ್ನು ವಿಚಾರಿಸಿದರು. ಅವನ ಹಕ್ಕಿ ಸತ್ತಿದೆ ಎಂದರು ಮನೆಯವರು. ಆಗ ಅವರು ಮಗುವಿನ ಕಡೆಗೆ ತಿರುಗಿ, ಅವನ ಗೌರವದ ಹೆಸರಿನಿಂದಲೇ ಅವನನ್ನು ಕರೆದು, ಆ ಪುಟ್ಟ ಹಕ್ಕಿಗೇನಾಯಿತೆಂದು ಅವನನ್ನೇ ಕೇಳಿದರು. ಹಕ್ಕಿಯ ಹೆಸರನ್ನು ಮುದ್ದಿನಿಂದ ನುಗೈರ್ ಎಂದು ಕಿರಿದುಗೊಳಿಸಿದ್ದರಿಂದ ಅದು ಉಮೈರ್‌ಗೆ ಪ್ರಾಸವಾಯಿತು. ಎಳೆಯ ಕಿವಿಗೆ ಅದು ಹಾಡಿನಂತೆ ಕೇಳಿಸಿರಬೇಕು.

ಉತ್ತರ ಅವರಿಗೆ ಆಗಲೇ ತಿಳಿದಿತ್ತು. ಆದರೂ ಕೇಳಿದರು. ನಮ್ಮ ಮನೆಗಳಲ್ಲಿ ಮಕ್ಕಳು ಸಾಕಿದ ಲವ್‌ಬರ್ಡ್ ಸತ್ತಾಗ ನಾವು ಏನು ಮಾಡುತ್ತೇವೆ? ಮಗು ಶಾಲೆಯಿಂದ ಬರುವ ಮೊದಲೇ ಗೂಡನ್ನು ಖಾಲಿ ಮಾಡುತ್ತೇವೆ, ಇನ್ನೊಂದನ್ನು ತಂದುಕೊಡುವ ಮಾತು ಕೊಡುತ್ತೇವೆ, ಒಂದು ಹಕ್ಕಿಗಾಗಿ ಇಷ್ಟು ಅಳುವುದೇ ಎಂದು ಗದರಿಸುತ್ತೇವೆ. ಅಬೂ ಉಮೈರ್‌ನ ಪ್ರಸಂಗದಲ್ಲಿ ಇವು ಯಾವುವೂ ಕಾಣುವುದಿಲ್ಲ. ಬೇರೆ ಹಕ್ಕಿಯ ಆಶ್ವಾಸನೆಯಿಲ್ಲ, ತಾಳ್ಮೆಯ ಉಪದೇಶವೂ ಇಲ್ಲ. ಸತ್ತ ಹಕ್ಕಿಯ ಬಗ್ಗೆ ಮಾತಾಡಲು ಮಗುವಿಗೆ ಅವಕಾಶ ದೊರೆಯಿತು, ಅಷ್ಟೇ. ಬುಖಾರಿಯ ವರದಿಯಂತೆ, ಪ್ರವಾದಿವರ್ಯರು(ಸ) ಬಂದಾಗಲೆಲ್ಲ ಈ ಮಾತನ್ನು ಕೇಳುತ್ತಿದ್ದರು. ರಾಜ್ಯಭಾರ, ಒಪ್ಪಂದ, ಯುದ್ಧಗಳ ಹೊರೆ ಹೊತ್ತ ವ್ಯಕ್ತಿಯ ನೆನಪಿನಲ್ಲಿ ಒಂದು ಹಕ್ಕಿಗೂ ಜಾಗವಿತ್ತು.

ಈ ಹದೀಸನ್ನು ಕ್ಷುಲ್ಲಕವೆಂದವರೂ ಇದ್ದರು. ಪ್ರಯೋಜನವಿಲ್ಲದ ವಿಷಯಗಳನ್ನು ವರದಿ ಮಾಡುತ್ತಾರೆಂದು ಹದೀಸ್ ವಿದ್ವಾಂಸರನ್ನು ಟೀಕಿಸಿದವರು ಇದನ್ನೇ ಉದಾಹರಣೆಯಾಗಿ ತೋರಿಸಿದರು. ಹಿಜರಿ 335ರಲ್ಲಿ ನಿಧನರಾದ ತಬರಿಸ್ತಾನದ ಶಾಫಿಈ ವಿದ್ವಾಂಸ ಇಬ್ನುಲ್ ಖಾಸ್ಸ್ ಇದಕ್ಕೆ ಉತ್ತರವಾಗಿ ಒಂದು ಪ್ರತ್ಯೇಕ ಕೃತಿಯನ್ನೇ ರಚಿಸಿ, ಈ ಒಂದೇ ಪ್ರಸಂಗದಿಂದ 60 ಪ್ರಯೋಜನಗಳನ್ನು ಹೊರತೆಗೆದರು. ಇಬ್ನು ಹಜರ್ ಅಸ್ಖಲಾನಿ ತಮ್ಮ ಫತ್‌ಹುಲ್ ಬಾರಿಯಲ್ಲಿ ಅವುಗಳನ್ನು ಸಂಗ್ರಹಿಸಿ ಕೊಟ್ಟಿದ್ದಾರೆ. ಮಕ್ಕಳಿಗೆ ಗೌರವದ ಹೆಸರಿಡುವುದು, ಮಿತ್ರರ ಭೇಟಿ, ಚಾಪೆಯ ಮೇಲಿನ ನಮಾಝ್, ಹಾಸ್ಯದ ಮಿತಿ ಹೀಗೆ ಪಟ್ಟಿ ಸಾಗುತ್ತದೆ. ಇಷ್ಟೆಲ್ಲ ಶಾಸ್ತ್ರ ವಿಚಾರದ ನಡುವೆ ಅಳುವ ಮಗು ಎಲ್ಲೋ ಮರೆಯಾಯಿತೇ ಎಂದು ನಮಗೆ ಒಮ್ಮೆ ಅನಿಸಿದ್ದುಂಟು. ಆದರೆ ಮರೆಯಾಗಿಲ್ಲ. ಮುಖದಲ್ಲಿ ಕಾಣುವ ದುಃಖದಿಂದ ಒಳಗೆ ಅಡಗಿದ ದುಃಖವನ್ನು ಅರಿಯುವುದು, ಮಿತ್ರನು ಚಿಕ್ಕವನಿರಲಿ ದೊಡ್ಡವನಿರಲಿ ಅವನ ಸ್ಥಿತಿಯನ್ನು ಮೃದುವಾಗಿ ವಿಚಾರಿಸುವುದು ಕೂಡ ಆ ಪಟ್ಟಿಯಲ್ಲಿವೆ. ನಮಗಂತೂ ಉಳಿದವುಗಳಿಗಿಂತ ಇವೆರಡೇ ಹೆಚ್ಚಿನವು.

ಹಕ್ಕಿಯ ಕಡೆಯಿಂದಲೂ ಒಂದು ಮಾತಿದೆ. ಹಕ್ಕಿಯನ್ನು ಸಾಕಬಹುದು, ಮಗು ಅದರೊಂದಿಗೆ ಆಡಬಹುದು, ಆದರೆ ಅದಕ್ಕೆ ಹಿಂಸೆ ಕೊಡುವಂತಿಲ್ಲ ಎಂದು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ಇಬ್ನು ಮಸ್‌ಊದ್(ರ) ವರದಿ ಮಾಡಿದ ಮತ್ತೊಂದು ಪ್ರಸಂಗ ಅಬೂದಾವೂದ್‌ನಲ್ಲಿದೆ. ಪ್ರಯಾಣವೊಂದರಲ್ಲಿ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಚಡಪಡಿಸಿತು. ಮರಳಿ ಬಂದ ಪ್ರವಾದಿವರ್ಯರು(ಸ) ಅದನ್ನು ಕಂಡು, ಮರಿಗಳನ್ನು ಕಿತ್ತು ಇದನ್ನು ನೋಯಿಸಿದವರಾರೆಂದು ಕೇಳಿ, ಅವುಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಮಗು ಹಕ್ಕಿಗಾಗಿ ದುಃಖಿಸಿದಾಗಲೂ, ಹಕ್ಕಿ ಮರಿಗಾಗಿ ದುಃಖಿಸಿದಾಗಲೂ ಅವರು ಮೊದಲು ಮಾಡಿದ್ದು ಕೇಳುವುದನ್ನೇ.

ಅಬೂ ಉಮೈರ್‌ನ ಕಥೆ ಹಕ್ಕಿಯೊಂದಿಗೆ ಮುಗಿಯುವುದಿಲ್ಲ. ಅಬೂ ತಲ್ಹಾರ ಒಬ್ಬ ಮಗನು ಕಾಯಿಲೆ ಬಿದ್ದು, ತಂದೆ ಹೊರಗೆ ಹೋಗಿದ್ದಾಗ ತೀರಿಕೊಂಡ ಘಟನೆ ಪ್ರಸಿದ್ಧವಾಗಿದೆ. ಆ ಮಗು ಅಬೂ ಉಮೈರ್‌ನೇ ಎಂದು ಇಬ್ನು ಹಜರ್ ಮುಂತಾದವರು ಗುರುತಿಸಿದ್ದಾರೆ. ಉಮ್ಮು ಸುಲೈಮ್(ರ) ಮಗುವಿನ ದೇಹವನ್ನು ಸಿದ್ಧಗೊಳಿಸಿ ಮನೆಯ ಒಂದು ಬದಿಯಲ್ಲಿರಿಸಿದರು. ದಣಿದು ಬಂದ ಪತಿ ಮಗನ ಬಗ್ಗೆ ಕೇಳಿದಾಗ, ಅವನೀಗ ಶಾಂತನಾಗಿದ್ದಾನೆ ಎಂದರು. ಊಟ ಬಡಿಸಿದರು. ರಾತ್ರಿ ಕಳೆದ ಬಳಿಕವೇ, ಸಾಲ ಪಡೆದ ವಸ್ತುವನ್ನು ಒಡೆಯನು ಮರಳಿ ಕೇಳಿದರೆ ಕೊಡಬೇಕಲ್ಲವೇ ಎಂದು ಮಾತು ಆರಂಭಿಸಿ ಸತ್ಯವನ್ನು ತಿಳಿಸಿದರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಆ ದಂಪತಿಗಾಗಿ ಪ್ರಾರ್ಥಿಸಿದರು. ಮುಂದೆ ಹುಟ್ಟಿದ ಮಗುವನ್ನು ಅನಸ್‌ರೇ ಅವರ ಬಳಿಗೆ ಒಯ್ದರು. ಖರ್ಜೂರವನ್ನು ಅಗಿದು ಅದರ ಬಾಯಿಗಿಟ್ಟು, ಅಬ್ದುಲ್ಲಾ ಎಂದು ಹೆಸರಿಟ್ಟರು. ಆ ತಾಯಿಯ ಸಹನೆಯನ್ನು ನಾವು ಪ್ರವಚನಗಳಲ್ಲಿ ಧಾರಾಳವಾಗಿ ಕೇಳಿದ್ದೇವೆ. ಆದರೆ ಅವರು ಕಳೆದುಕೊಂಡದ್ದು ಹಕ್ಕಿಗಾಗಿ ಅತ್ತ ಆ ಮಗುವನ್ನೇ ಎಂಬುದನ್ನು ಯಾರೂ ನೆನಪಿಸಿದ ನೆನಪು ನಮಗಿಲ್ಲ.

ಅನಸ್(ರ) ದೀರ್ಘಕಾಲ ಬದುಕಿದರು. ಬಸ್ರಾದಲ್ಲಿ ನೆಲೆಸಿ, ಹಿಜರಿ 93ರ ಸುಮಾರಿಗೆ, ನೂರು ದಾಟಿದ ವಯಸ್ಸಿನಲ್ಲಿ ನಿಧನರಾದರು. ಬಸ್ರಾದವರೇ ಆದ ಅಬುತ್ತಯ್ಯಾಹ್ ಅವರ ಬಾಯಿಂದ ಈ ಹದೀಸನ್ನು ಕೇಳಿ ಮುಂದಿನವರಿಗೆ ತಲುಪಿಸಿದರು. ತಮ್ಮನೂ ಇಲ್ಲ, ಹಕ್ಕಿಯೂ ಇಲ್ಲ, ಪ್ರಶ್ನೆ ಕೇಳಿದವರೂ ಇಲ್ಲದ ಕಾಲದಲ್ಲಿ, ಮದೀನಾದಿಂದ ಬಹುದೂರದ ಆ ನಗರದಲ್ಲಿ ವೃದ್ಧರೊಬ್ಬರು ತಮ್ಮ ತಮ್ಮನ ಹಕ್ಕಿಯನ್ನು ನೆನೆದರು. ಚಾಪೆಯನ್ನು ಗುಡಿಸಿದ್ದು, ನೀರು ಚಿಮುಕಿಸಿದ್ದು ಸಹ ಅವರಿಗೆ ನೆನಪಿತ್ತು. ಪ್ರಶ್ನೆಗೆ ಅಬೂ ಉಮೈರ್ ಏನೆಂದು ಉತ್ತರಿಸಿದನೆಂಬುದು ಮಾತ್ರ ವರದಿಯಲ್ಲಿಲ್ಲ.