ಮೊಲದ ಬೆನ್ನು, ಮೊಲದ ಗೂಡು

ಕನ್ನಡದಲ್ಲಿ ಮೊಲ ಎಂಬ ಒಂದೇ ಮಾತು ಎರಡು ಪ್ರಾಣಿಗಳ ಭಾರ ಹೊತ್ತಿದೆ. ರಾಗಿ ಹೊಲದ ಬದುವಿನಲ್ಲಿ ಮುಸ್ಸಂಜೆಯ ಹೊತ್ತು ಛಂಗನೆ ನೆಗೆದು ಮರೆಯಾಗುವ ಕಂದು ಮೊಲ ಒಂದು. ಪೇಟೆಯ ಸಾಕುಪ್ರಾಣಿ ಅಂಗಡಿಯ ತಂತಿ ಪಂಜರದಲ್ಲಿ ಮುದುಡಿ ಕುಳಿತ ಬಿಳಿಯ ಮೊಲ ಇನ್ನೊಂದು. ಮೊದಲನೆಯದು ಈ ನೆಲದ್ದೇ. ಅದು ಬಿಲ ತೋಡುವುದಿಲ್ಲ. ಅದರ ಮರಿಗಳು ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲಿನೊಂದಿಗೇ ಹುಟ್ಟುತ್ತವೆ. ಅದನ್ನು ಹಿಡಿಯುವುದಕ್ಕೂ ಸಾಕುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತದೆ. ಎರಡನೆಯದು ದೂರದ ಸ್ಪೇನ್ ದೇಶದ ಮೂಲದ್ದು. ಅದು ಬಿಲವಾಸಿ, ಅದರ ಮರಿಗಳು ಕುರುಡಾಗಿ, ಬರಿಮೈಯಲ್ಲಿ ಹುಟ್ಟುತ್ತವೆ. ಇಂದು ಜಗತ್ತಿನ ಮನೆಗಳಲ್ಲಿ ಸಾಕಿರುವ ಮೊಲಗಳೆಲ್ಲ, ಬಣ್ಣ ಯಾವುದಿರಲಿ, ಕಿವಿ ಎಷ್ಟೇ ಜೋತಿರಲಿ, ಈ ಎರಡನೆಯ ಜಾತಿಯ ಸಂತಾನ.

ಈ ಬಿಲವಾಸಿ ಪೆಟ್ಟಿಗೆವಾಸಿಯಾದ ಕಥೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಉದ್ದದ್ದು. ಆ ಕಥೆಯ ಕೊನೆಯಲ್ಲಿ ಪಶುವೈದ್ಯರ ಮೇಜಿನ ಮೇಲೆ, ಹಿಂಗಾಲುಗಳ ಸ್ವಾಧೀನ ಕಳೆದುಕೊಂಡು ಮಲಗಿರುವ ಒಂದು ಮೊಲವಿದೆ.

ರೋಮನ್ನರು ಮೊಲವನ್ನು ಮೊದಲು ಕಂಡದ್ದು ಸ್ಪೇನನ್ನು ಗೆದ್ದಾಗ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾರ್ರೋ ಎಂಬ ಪಂಡಿತ ಬೇಸಾಯದ ಬಗ್ಗೆ ಬರೆದ ಗ್ರಂಥದಲ್ಲಿ ಮೊಲಗಳನ್ನು ಕೂಡಿಹಾಕುವ ಗೋಡೆಕಟ್ಟಿದ ತೋಟಗಳ ಮಾತು ಬರುತ್ತದೆ. ಬಾಲಿಯಾರಿಕ್ ದ್ವೀಪಗಳಲ್ಲಿ ಮೊಲಗಳ ಕಾಟ ಮಿತಿಮೀರಿ, ಅಲ್ಲಿನ ಜನ ಸೈನ್ಯ ಕಳಿಸಿಕೊಡಿ ಎಂದು ಆಗಸ್ಟಸ್ ಚಕ್ರವರ್ತಿಗೇ ಮೊರೆಯಿಟ್ಟರೆಂದು ಪ್ಲಿನಿ ಬರೆದಿದ್ದಾನೆ. ಆದರೆ ರೋಮನ್ನರು ಮೊಲವನ್ನು ಪಳಗಿಸಲಿಲ್ಲ, ಕೂಡಿಹಾಕಿದರು ಅಷ್ಟೆ. ಗೋಡೆಯ ಒಳಗೆ ಮೊಲ ತನ್ನ ಪಾಡಿಗೆ ತಾನು ಬಿಲ ತೋಡಿಕೊಂಡೇ ಇತ್ತು.

ಪಳಗಿಸಿದವರು ಯಾರು ಎಂಬುದಕ್ಕೆ ಬಹುಕಾಲ ಒಂದು ಸೊಗಸಾದ ಕಥೆ ಚಲಾವಣೆಯಲ್ಲಿತ್ತು. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ, ಮೊಲದ ಎಳೆಮರಿಗಳು ಮಾಂಸವಲ್ಲ, ಮೀನಿಗೆ ಸಮ, ಉಪವಾಸದ ದಿನಗಳಲ್ಲೂ ತಿನ್ನಬಹುದು ಎಂದು ಅಪ್ಪಣೆ ಕೊಟ್ಟನಂತೆ. ಕೂಡಲೇ ಫ್ರಾನ್ಸಿನ ಮಠಗಳ ಸನ್ಯಾಸಿಗಳು ಮೊಲ ಸಾಕತೊಡಗಿದರಂತೆ. 2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರ್ ಲಾರ್ಸನ್ ಮತ್ತು ಸಂಗಡಿಗರು ಮೂಲವನ್ನು ಹುಡುಕಿ ಹೊರಟಾಗ ಅಂಥ ಅಪ್ಪಣೆ ಎಲ್ಲೂ ಸಿಗಲಿಲ್ಲ. ಟೂರ್ಸ್ ಎಂಬ ಊರಿನ ಬಿಷಪ್ ಆಗಿದ್ದ ಇನ್ನೊಬ್ಬ ಗ್ರೆಗರಿಯ ಬರಹದಲ್ಲಿ, ಉಪವಾಸದ ಕಾಲದಲ್ಲಿ ಮೊಲದ ಮರಿ ತಿಂದ ಒಬ್ಬ ಕಾಯಿಲೆಯವನ ಪ್ರಸ್ತಾಪವಿತ್ತು. ಹೆಸರು ಒಂದೇ ಆದದ್ದರಿಂದ ಒಬ್ಬರ ಮಾತು ಇನ್ನೊಬ್ಬರ ತಲೆಗೆ ಬಂದಿತ್ತು. ಪಳಗಿಸುವಿಕೆ ಒಂದು ದಿನ, ಒಂದು ಅಪ್ಪಣೆಯಿಂದ ಆದದ್ದಲ್ಲ, ಶತಮಾನಗಳ ಉದ್ದಕ್ಕೂ ನಡೆದದ್ದು ಎಂಬುದು ಅವರ ತೀರ್ಮಾನ.

ಇಂಗ್ಲೆಂಡಿಗೆ ಮೊಲವನ್ನು ತಂದವರು ನಾರ್ಮನ್ನರು. ಅಲ್ಲಿನ ಜಮೀನುದಾರರು ಮೆದುಮಣ್ಣಿನ ದಿಬ್ಬಗಳನ್ನು ಕಟ್ಟಿಸಿ, ಮೊಲ ಸುಲಭವಾಗಿ ಬಿಲ ತೋಡಲೆಂದು ಅನುಕೂಲ ಮಾಡಿಕೊಟ್ಟರು. ದಿಂಬಿನ ಆಕಾರದ ಆ ದಿಬ್ಬಗಳ ಅವಶೇಷ ಇಂದಿಗೂ ಅಲ್ಲಿನ ಹುಲ್ಲುಗಾವಲುಗಳಲ್ಲಿ ಕಾಣುತ್ತದೆ. ಆಗ ಮೊಲದ ಮಾಂಸ ಕೋಳಿಗಿಂತ ದುಬಾರಿ, ಚರ್ಮಕ್ಕೂ ಬೆಲೆ. ಮೊಲವನ್ನು ದಿಬ್ಬದಿಂದ ಮರದ ಪೆಟ್ಟಿಗೆಗೆ ಏರಿಸಿದ್ದು ಮುಖ್ಯವಾಗಿ ಹತ್ತೊಂಬತ್ತನೆಯ ಶತಮಾನದ ನಗರಜೀವನ. ಕಾರ್ಖಾನೆಯ ಕೂಲಿಕಾರನಿಗೆ ಹೊಲವಿಲ್ಲ, ಹಸು ಕಟ್ಟುವ ಜಾಗವಿಲ್ಲ. ಹಿತ್ತಲಿನ ಗೋಡೆಗೆ ಒರಗಿಸಿದ ಪೆಟ್ಟಿಗೆಯಲ್ಲಿ ನಾಲ್ಕು ಮೊಲ ಇಟ್ಟರೆ ತರಕಾರಿ ಸಿಪ್ಪೆ ತಿಂದು ಬೆಳೆಯುತ್ತವೆ, ಭಾನುವಾರದ ಊಟಕ್ಕೆ ಒದಗುತ್ತವೆ. ಮೂರು ನಾಲ್ಕು ತಿಂಗಳು ಬದುಕುವ ಪ್ರಾಣಿಗೆ ಎಷ್ಟು ಜಾಗ ಸಾಕೋ ಅಷ್ಟೇ ಆ ಪೆಟ್ಟಿಗೆಯ ಅಳತೆ.

ಇದೇ ಕಾಲಕ್ಕೆ ಮೊಲ ಮುದ್ದಿನ ಪ್ರಾಣಿಯೂ ಆಗತೊಡಗಿತು. ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ ಬೆಂಜಮಿನ್, ಪೀಟರ್ ಎಂಬ ಎರಡು ಮೊಲಗಳನ್ನು ಸಾಕಿದ್ದಳು. ಬೆಂಜಮಿನ್‌ನ ಕೊರಳಿಗೆ ಪಟ್ಟಿ ಕಟ್ಟಿ ತಿರುಗಾಟಕ್ಕೂ ಕರೆದೊಯ್ಯುತ್ತಿದ್ದಳು. 1893ರಲ್ಲಿ ಕಾಯಿಲೆ ಬಿದ್ದ ಒಬ್ಬ ಹುಡುಗನಿಗೆ ಆಕೆ ಬರೆದ ಚಿತ್ರಪತ್ರವೇ ಬೆಳೆದು 1902ರಲ್ಲಿ ಪೀಟರ್ ಮೊಲದ ಪುಸ್ತಕವಾಯಿತು. ಮಕ್ಕಳು ಮತ್ತು ಮೊಲದ ನಂಟನ್ನು ಆ ಪುಟ್ಟ ಪುಸ್ತಕದಷ್ಟು ಗಟ್ಟಿ ಮಾಡಿದ್ದು ಬೇರೊಂದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಹೊಟ್ಟೆಯ ಪ್ರಶ್ನೆ ಮುಂದಾಯಿತು. ಮಾಂಸಕ್ಕೆ ಪಡಿತರ ಬಂದಾಗ ಸರ್ಕಾರವೇ ಹಿತ್ತಲಲ್ಲಿ ಮೊಲ ಸಾಕಿರೆಂದು ಪ್ರೋತ್ಸಾಹಿಸಿತು; ಸಾಕುವವರ ಸಂಘಗಳ ಮೂಲಕ ಬೂಸಾ ಹಂಚಿತು. ಯುದ್ಧ ಮುಗಿಯಿತು, ಪಡಿತರ ಹೋಯಿತು. ಗೂಡು ಮಾತ್ರ ಹಿತ್ತಲಲ್ಲೇ ಉಳಿಯಿತು. ಊಟಕ್ಕೆಂದು ಬೆಳೆದ ಪ್ರಾಣಿಯ ಜಾಗಕ್ಕೆ ಮಗುವಿನ ಗೆಳೆಯ ಬಂದಿದ್ದರೂ ಪೆಟ್ಟಿಗೆಯ ಉದ್ದಗಲಗಳನ್ನು ಯಾರೂ ಮರುಯೋಚಿಸಲಿಲ್ಲ. ಮೂರು ತಿಂಗಳ ಬಾಳಿಗೆ ಹೊಲಿದ ಅಂಗಿಯೊಳಗೆ ಎಂಟು ಹತ್ತು ವರ್ಷ ಬದುಕಬಲ್ಲ ಪ್ರಾಣಿಯನ್ನು ತುರುಕಿದ ಹಾಗಾಯಿತು.

ಆ ಪೆಟ್ಟಿಗೆಗೂ ಬೆನ್ನೆಲುಬಿಗೂ ಏನು ಸಂಬಂಧ? ಉತ್ತರ ಮೊಲದ ದೇಹರಚನೆಯಲ್ಲಿದೆ. ಬೆಕ್ಕಿನ ಮೈತೂಕದಲ್ಲಿ ನೂರಕ್ಕೆ 12-13 ಭಾಗ ಮೂಳೆಯಾದರೆ ಮೊಲದಲ್ಲಿ ಅದು ಕೇವಲ 7-8 ಭಾಗ. ಬೆನ್ನಟ್ಟಿ ಬರುವ ನರಿಯಿಂದ ತಪ್ಪಿಸಿಕೊಳ್ಳಲು ಹಗುರ ಮೈ, ನೆಗೆತಕ್ಕೆ ಬಲವಾದ ಹಿಂದೊಡೆ, ಇವಿಷ್ಟು ಪ್ರಕೃತಿಯ ಏರ್ಪಾಡು. ಕಾಲು ನೆಲಕ್ಕೆ ಊರಿರುವ ತನಕ ಈ ಏರ್ಪಾಡಿನಲ್ಲಿ ಕುಂದಿಲ್ಲ, ಒದೆತದ ಬಲವೆಲ್ಲ ನೆಲಕ್ಕೆ ಹೋಗಿ ಮೈಯನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನು ಕಂಕುಳಿಗೆ ಕೈಹಾಕಿ ಎತ್ತಿ, ಹಿಂಭಾಗವನ್ನು ಗಾಳಿಯಲ್ಲಿ ತೂಗಾಡಿಸಿದರೆ ಕಥೆಯೇ ಬೇರೆ. ನೆಲ ಬಿಟ್ಟ ಕೂಡಲೇ ಬೇಟೆಗೆ ಸಿಕ್ಕಿಬಿದ್ದೆನೆಂದು ಪ್ರಾಣಿ ಜೀವಭಯದಿಂದ ಒದೆಯುತ್ತದೆ. ಆ ಬಲ ಹೋಗಲು ನೆಲವಿಲ್ಲ, ಸೊಂಟದಲ್ಲೇ ತಿರುಚಿಕೊಳ್ಳುತ್ತದೆ. ಮೊಲದ ಸೊಂಟದ ಭಾಗದಲ್ಲಿ ಏಳು ಕಶೇರುಗಳಿವೆ. ಸಾಮಾನ್ಯವಾಗಿ ಮುರಿಯುವುದು ಅವುಗಳಲ್ಲಿ ಕೊನೆಯದು, ಅಂದರೆ ಕಿಬ್ಬೊಟ್ಟೆಯ ಎಲುಬುಗೂಡಿಗೆ ಸೇರುವ ಮುಂಚಿನದು.

ಇನ್ನೂ ಒಂದು ದುರದೃಷ್ಟವಿದೆ. ಮನುಷ್ಯನ ಬೆನ್ನುಹುರಿ ಸೊಂಟದ ಮೊದಲ ಒಂದೆರಡು ಕಶೇರುಗಳ ಮಟ್ಟಕ್ಕೇ ನಿಂತುಬಿಡುತ್ತದೆ. ಅದರ ಕೆಳಗೆ ಇರುವುದು ನರಗಳ ಎಳೆಗಳು ಮಾತ್ರ. ಮೊಲದಲ್ಲಿ ಹುರಿ ಸೊಂಟವನ್ನು ದಾಟಿ ಇನ್ನೂ ಕೆಳಗೆ ಇಳಿದಿರುತ್ತದೆ. ಹಾಗಾಗಿ ಕೊನೆಯ ಕಶೇರು ಮುರಿದಾಗ ಪೆಟ್ಟು ಬೀಳುವುದು ಹುರಿಗೇ. ಹಿಂಗಾಲು ಎಳೆದುಕೊಂಡು ಹೋಗುವುದು, ಮೂತ್ರ ಮಲದ ಮೇಲೆ ಹಿಡಿತ ತಪ್ಪುವುದು ಇವು ಲಕ್ಷಣಗಳು. ಬೆರಳನ್ನು ಗಟ್ಟಿಯಾಗಿ ಚಿವುಟಿದರೆ ನೋವು ತಿಳಿಯುತ್ತದೆಯೇ ಎಂದು ಪಶುವೈದ್ಯರು ಮೊದಲು ನೋಡುತ್ತಾರೆ. ತಿಳಿದರೆ ಪೂರ್ಣ ವಿಶ್ರಾಂತಿ ಮತ್ತು ಔಷಧಿಯಿಂದ ಚೇತರಿಕೆಯ ಆಸೆ ಉಂಟು. ತಿಳಿಯದಿದ್ದರೆ ಆಸೆ ಬಹಳ ಕಡಿಮೆ. ಎಲ್ಲ ಹಿಂಗಾಲ ಲಕ್ವವೂ ಮುರಿತವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1922ರಲ್ಲಿ ರೈಟ್ ಮತ್ತು ಕ್ರೇಗ್‌ಹೆಡ್ ಎಂಬ ಸಂಶೋಧಕರು ಮರಿಮೊಲಗಳಲ್ಲಿ ಅಂಟುರೋಗದಂತೆ ಬರುವ ಲಕ್ವವೊಂದನ್ನು ವರ್ಣಿಸಿದರು. ಅದಕ್ಕೆ ಕಾರಣವಾದ ಪರೋಪಜೀವಿ ಸೂಕ್ಷ್ಮಾಣು ಇಂದಿಗೂ ಸಾಕುಮೊಲಗಳನ್ನು ಕಾಡುತ್ತಿದೆ. ದನಕರುಗಳಿಗೆ ಜಂತುನಾಶಕವಾಗಿ ಕೊಡುವ ಫೆನ್‌ಬೆಂಡಜೋಲ್ ಅದಕ್ಕೂ ಬಳಕೆಯಾಗುತ್ತದೆ.

ಮೊಲದ ಬೆನ್ನುಹುರಿಗೆ ಮನುಷ್ಯಕುಲ ಪಟ್ಟ ಋಣವೊಂದಿದೆ. 1885ರ ಜುಲೈ 6ರಂದು ಲೂಯಿ ಪಾಸ್ಚರ್, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಕೊಡಿಸಿದ ಲಸಿಕೆ ತಯಾರಾದದ್ದು ರೋಗ ತಗುಲಿಸಿದ ಮೊಲಗಳ ಬೆನ್ನುಹುರಿಯನ್ನು ಗಾಜಿನ ಪಾತ್ರೆಯಲ್ಲಿ ತೂಗುಹಾಕಿ ಒಣಗಿಸಿ. ಬಾಲಕ ಬದುಕಿದ. ಮೊಲ ಪ್ರಯೋಗಶಾಲೆಯ ಕಾಯಂ ವಾಸಿಯಾಯಿತು. ವಿಚಿತ್ರವೆಂದರೆ ಮೊಲವನ್ನು ಹೇಗೆ ಇಡಬೇಕು ಎಂಬುದು ಶಿಸ್ತಿನ ವಿಷಯವಾದದ್ದೂ ಅಲ್ಲೇ. ಪ್ರಯೋಗಪ್ರಾಣಿಗಳ ಪಾಲನೆಯ ಬಗ್ಗೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರಾಣಿಹಿತ ಒಕ್ಕೂಟ 1947ರಲ್ಲೇ ಕೈಪಿಡಿ ಹೊರತಂದಿತು. ಮನೆಯ ಮೊಲದ ಸರದಿ ಬರುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

1964ರಲ್ಲಿ ಇಂಗ್ಲಿಷಿನಲ್ಲಿ ಎರಡು ಪುಸ್ತಕಗಳು ಬಂದವು. ಒಂದು, ಕಾರ್ಖಾನೆಯಂಥ ಕೊಟ್ಟಿಗೆಗಳಲ್ಲಿ ಕೋಳಿ, ಕರುಗಳನ್ನು ಬೆಳೆಸುವ ಕ್ರಮವನ್ನು ಬಯಲಿಗೆಳೆದ ರೂತ್ ಹ್ಯಾರಿಸನ್‌ರ ಪುಸ್ತಕ. ಇನ್ನೊಂದು, ವೇಲ್ಸಿನ ಪ್ರಕೃತಿತಜ್ಞ ರೊನಾಲ್ಡ್ ಲಾಕ್ಲಿ ವರ್ಷಗಟ್ಟಲೆ ಕಾಡುಮೊಲಗಳನ್ನು ನೋಡಿ ಬರೆದದ್ದು. ಮೊಲ ಗುಂಪುಜೀವಿ, ಅದರ ಬಿಲಗಳಲ್ಲಿ ಮೇಲುಕೀಳು, ಗಡಿ, ಸ್ನೇಹ ಎಲ್ಲವೂ ಇವೆ ಎಂಬುದನ್ನು ಸಾಮಾನ್ಯ ಓದುಗರಿಗೆ ತೋರಿಸಿಕೊಟ್ಟವರು ಲಾಕ್ಲಿ. ಹ್ಯಾರಿಸನ್‌ರ ಪುಸ್ತಕದ ಗದ್ದಲಕ್ಕೆ ಸರ್ಕಾರ ಸಮಿತಿ ನೇಮಿಸಿತು. ಅದರ ಅಧ್ಯಕ್ಷ ಪ್ರೊ. ಬ್ರಾಂಬೆಲ್, ಯುದ್ಧಕಾಲದಲ್ಲಿ ಕಾಡುಮೊಲದ ಸಂತಾನೋತ್ಪತ್ತಿಯನ್ನು ಅಧ್ಯಯನ ಮಾಡಿದ್ದ ವಿಜ್ಞಾನಿ! 1965ರ ವರದಿಯಲ್ಲಿ ಅವರ ಸಮಿತಿ ಹೇಳಿದ್ದು ಇಷ್ಟು ಸರಳ: ಪ್ರಾಣಿಗೆ ತಿರುಗಲು, ಮೈ ನೆಕ್ಕಿಕೊಳ್ಳಲು, ಏಳಲು, ಮಲಗಲು, ಕೈಕಾಲು ಚಾಚಲು ಜಾಗವಿರಬೇಕು. ಮುಂದೆ ಪ್ರಸಿದ್ಧವಾದ ‘ಐದು ಸ್ವಾತಂತ್ರ್ಯ’ಗಳ ಬೇರು ಇದೇ.

ಈ ಸರಳ ಅಳತೆಗೋಲನ್ನು ಹಿತ್ತಲಿನ ಗೂಡಿಗೆ ಹಿಡಿದರೆ ಏನು ಕಾಣುತ್ತದೆ? ಕಿವಿ ನಿಮಿರಿಸಿ ಹಿಂಗಾಲ ಮೇಲೆ ನಿಂತರೆ ತಲೆ ತಾಗುತ್ತದೆ. ಮೂರು ನೆಗೆತಕ್ಕೆ ಗೋಡೆ ಬರುತ್ತದೆ. ಓಡದ ಪ್ರಾಣಿಯ ಮೂಳೆ ತೆಳುವಾಗುತ್ತದೆ. ಪಂಜರದಲ್ಲಿಟ್ಟ ತಳಿಮೊಲಗಳ ಬೆನ್ನೆಲುಬು ಪಕ್ಕಕ್ಕೆ ವಾಲಿರುವುದನ್ನು, ಗೂನು ಬಿದ್ದಿರುವುದನ್ನು ಜರ್ಮನಿಯ ಡ್ರೆಶರ್ ಮತ್ತು ಲೋಫ್ಲರ್ 1990ರ ದಶಕದಲ್ಲಿ ದಾಖಲಿಸಿದರು. ಅಂಥ ಬೆನ್ನು, ಪಟಾಕಿಯ ಸದ್ದಿಗೋ ಬೊಗಳುವ ನಾಯಿಗೋ ಬೆದರಿ ಪೆಟ್ಟಿಗೆಯೊಳಗೇ ಎಗರಿದಾಗ ಉಳುಕುವುದು, ಮುರಿಯುವುದು ಸೋಜಿಗವಲ್ಲ. ಮಗುವಿನ ಕೈತಪ್ಪಿಗಷ್ಟೇ ದೂರು ಹೊರಿಸಿ ಗೂಡು ಕಟ್ಟಿಸಿದ ದೊಡ್ಡವರು ನುಣುಚಿಕೊಳ್ಳುವುದು ಸರಿಯಲ್ಲ.

ನಿಯಮದಲ್ಲಿ ಮುಂದೆ ಹೋದದ್ದು ಸ್ವಿಟ್ಜರ್ಲೆಂಡ್. ಬರ್ನ್‌ನ ಮಾರ್ಕುಸ್ ಷ್ಟಾಫಾಖರ್ ಮೊದಲಾದವರು ಮೊಲಗಳನ್ನು ಗುಂಪಾಗಿ ಇಡುವ ಕೊಟ್ಟಿಗೆಗಳನ್ನು ರೂಪಿಸಿದ್ದರು. ಅಲ್ಲಿನ 2008ರ ಸುಗ್ರೀವಾಜ್ಞೆಯ ಪ್ರಕಾರ ದಿನವೂ ಒಣಹುಲ್ಲಿನಂಥ ನಾರಿನ ಮೇವು, ಸದಾ ಕಡಿಯಲು ಏನಾದರೂ ವಸ್ತು, ಅವಿತುಕೊಳ್ಳಲು ಕತ್ತಲ ಮೂಲೆ, ಒಂದು ಭಾಗದಲ್ಲಾದರೂ ನೆಟ್ಟಗೆ ಕೂರುವಷ್ಟು ಎತ್ತರ ಇರಲೇಬೇಕು. ಅಮೆರಿಕದಲ್ಲಿ 1988ರಲ್ಲಿ ಹುಟ್ಟಿದ ಮನೆಮೊಲ ಸಂಘ, ಮೊಲವನ್ನು ಬೆಕ್ಕಿನಂತೆ ಮನೆಯೊಳಗೇ ಬಿಡಿ ಎಂದಿತು. ಬ್ರಿಟನ್ನಿನ 2006ರ ಪ್ರಾಣಿಕಲ್ಯಾಣ ಕಾಯ್ದೆ, ನೋವಾದ ಮೇಲೆ ಶಿಕ್ಷಿಸುವ ಹಳೆಯ ಕ್ರಮ ದಾಟಿ, ಪ್ರಾಣಿಯ ಅಗತ್ಯಗಳನ್ನು ಪೂರೈಸುವುದೇ ಒಡೆಯನ ಕರ್ತವ್ಯ ಎಂದಿತು. 16 ತುಂಬದವರಿಗೆ ಪ್ರಾಣಿ ಮಾರುವಂತಿಲ್ಲ ಎಂದಿತು. ಅಲ್ಲಿನ ಮೊಲಹಿತ ಸಂಘವೊಂದು ‘ಗೂಡು ಸಾಲದು’ ಎಂಬ ಚಳವಳಿಯನ್ನೇ ಹೂಡಿ, ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕೆಂದು ಅಳತೆ ಕೊಟ್ಟಿತು.

ಭಾರತದಲ್ಲಿ ಈ ಮಾತು ಹೊಸದೇನಲ್ಲ. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ನಡೆಸಿದ ಪ್ರಯತ್ನದ ಫಲವಾದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಚಲನವಲನಕ್ಕೆ ತಕ್ಕಮಟ್ಟಿನ ಅವಕಾಶವಿಲ್ಲದಷ್ಟು ಉದ್ದ, ಅಗಲ, ಎತ್ತರ ಕಡಿಮೆಯಿರುವ ಪಂಜರದಲ್ಲಿ ಪ್ರಾಣಿಯನ್ನು ಇಡುವುದನ್ನೇ ಹಿಂಸೆ ಎಂದು ಕರೆಯುತ್ತದೆ. ಬ್ರಾಂಬೆಲ್ ವರದಿಗೆ ಐದು ವರ್ಷ ಮೊದಲಿನ ಮಾತು ಇದು. ‘ತಕ್ಕಮಟ್ಟು’ ಎಂದರೆ ಎಷ್ಟು ಅಡಿ ಎಂದು ಆ ಕಲಮು ಹೇಳುವುದಿಲ್ಲ. 2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳು ಮೊಲವನ್ನು ಹೆಸರಿಸಿಯೇ ವ್ಯಾಪ್ತಿಗೆ ತಂದಿವೆ. ಅಂಗಡಿಯಿಂದ ಮನೆಗೆ ಬಂದ ಮೇಲೆ ನೋಡುವವರು ಮನೆಯವರೇ.

ಎತ್ತುವ ವಿಧಾನದಲ್ಲೂ ಹಳೆಯ ನಂಬಿಕೆಗಳು ಹಟಮಾರಿ. ಕಿವಿ ಹಿಡಿದೇ ಎತ್ತಬೇಕು ಎನ್ನುವವರಿಗೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಅಂಗಾತ ಮಲಗಿಸಿದರೆ ಅಲ್ಲಾಡದೆ ಇರುತ್ತದೆ, ಸುಖವಾಗಿದೆ ಎಂದುಕೊಳ್ಳುವವರೂ ಇದ್ದಾರೆ. ಕೋಳಿಯಲ್ಲಿ ಈ ಸ್ತಬ್ಧತೆಯನ್ನು 1646ರಲ್ಲೇ ಕಿರ್ಷರ್ ಎಂಬ ಪಾದ್ರಿ ಬೆರಗಿನಿಂದ ವರ್ಣಿಸಿದ್ದ. 2006ರಲ್ಲಿ ಆನ್ ಮೆಕ್‌ಬ್ರೈಡ್ ಮತ್ತು ಸಂಗಡಿಗರು ಮೊಲಗಳಲ್ಲಿ ಪರೀಕ್ಷಿಸಿದಾಗ ಕಂಡದ್ದು ಭಯದ ಗುರುತುಗಳು. ಅದು ಸತ್ತಂತೆ ನಟಿಸುವ ಕೊನೆಯ ಉಪಾಯ.

ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ ಇರಬೇಕು. ಮೊಲದ ಪಕ್ಕೆ ಎತ್ತುವವರ ಮೈಗೆ ಒತ್ತಿಕೊಂಡಿರಬೇಕು. ಒದೆಯಲು ತೊಡಗಿದರೆ ಇನ್ನಷ್ಟು ಬಿಗಿಹಿಡಿಯುವ ಬದಲು ಕೂಡಲೇ ಬಾಗಿ ನೆಲಕ್ಕಿಳಿಸುವುದು ಲೇಸು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪಶುವೈದ್ಯರು ಕೊಡುವ ಸಲಹೆ ಇನ್ನೂ ಸುಲಭದ್ದು: ಎತ್ತುವುದೇ ಬೇಡ, ಮಗುವನ್ನು ಚಾಪೆಯ ಮೇಲೆ ಕೂರಿಸಿ, ಅಂಗೈಯಲ್ಲಿ ನಾಲ್ಕು ಕೊತ್ತಂಬರಿ ಎಲೆ ಇಡಿ. ಮೊಲ ಬರುವುದಾದರೆ ತಾನಾಗಿಯೇ ಬರುತ್ತದೆ.